ಖುರ್ಷೀದಬೇಗಂ ಅವರ ಅಮೃತಶಿಲೆ ಮಾಳಿಗೆ

ಕೊಂಕಲ್ಲಿನ ನ್ಯಾಯಬೆಲೆ ಅಂಗಡಿಯ ಮುಂದೆ ಆ ಸೋಮವಾರ ಖಾಲಿ ಚೀಲ ಹಿಡಿದು ನಿಂತಾಗ, ತಾನು ಶ್ರೀಮಂತಳಾಗಿರುವ ಸಂಗತಿ ಖುರ್ಷೀದಬೇಗಂಗೆ ಗೊತ್ತಿರಲಿಲ್ಲ. ಅದನ್ನು ಮೊದಲು ಓದಿದವನು ಅಂಗಡಿಯ ಮಲ್ಲು. ಅವಳ ಹೆಬ್ಬೆರಳನ್ನು ಯಂತ್ರದ ಮೇಲೆ ಒತ್ತಿಸಿ, ಪರದೆಗೆ ಅಂಗೈಯ ನೆರಳು ಹಿಡಿದು, ತುಟಿ ಅಲ್ಲಾಡಿಸುತ್ತ ಎರಡು ಸಲ ಓದಿದ.

“ಖುರ್ಷೀದಮ್ಮ, ನಿಮಗ ಅಕ್ಕಿ ಬರಂಗಿಲ್ರಿ.”

“ಯಾಕೋ? ಲಾರಿ ಬಂದಿಲ್ಲೇನು?”

“ಲಾರಿ ಬಂದದ. ನೀವ ಹೋಗೀರಿ, ಮ್ಯಾಲಕ್ಕ. ಬಡವರ ಪಟ್ಟಿ ದಾಟೀರಿ.” ಮಲ್ಲು ಮತ್ತೆ ಪರದೆಗೆ ಬಗ್ಗಿದ. “ಕಾರಣಾನೂ ಬರದಾರ ನೋಡ್ರಿ. ಚಾವಣಿ: ಕೆಂಪು ಹೆಂಚು, ವಿದೇಶಿ ಮಾದರಿ.”

ಸಾಲಿನಲ್ಲಿದ್ದ ಹೆಂಗಸರು ಗೊಳ್ಳೆಂದು ನಕ್ಕರು. ಖುರ್ಷೀದಬೇಗಂ ಕೂಡ ನಕ್ಕಳು. ನಗದೆ ಏನು ಮಾಡುವುದು? ಕೊಂಕಲ್ಲಿನಲ್ಲಿ ಹೆಂಚಿನ ಮನೆ ಒಂದೂ ಇಲ್ಲ. ಆ ಕಡೆ ಕಲ್ಲೇ ಅಗ್ಗ. ಬಡವರು ಫರಸಿಕಲ್ಲು ಹೊದಿಸಿ, ಮೇಲೆ ಸವಳು ಮಣ್ಣು ಬಡಿದು, ನಡುವೆ ಬೆಳಕಿಂಡಿ ಬಿಟ್ಟು ಮಾಳಿಗೆ ಮಾಡಿಕೊಳ್ಳುತ್ತಾರೆ. ಅವಳದೂ ಅಂಥದ್ದೇ. ಖಾಲಿ ಚೀಲ ಮಡಚಿಕೊಂಡು ಮನೆಯ ದಾರಿ ಹಿಡಿದಾಗ ಮಾತ್ರ ನಗು ನಿಂತಿತು. ಗಂಡ ವಹಾಬ ಪಾತ್ರೆಗಳಿಗೆ ಕಲಾಯಿ ಹಾಕುವವ. ಆರು ವರ್ಷದಿಂದ ಕೈ ನಡುಗಿ ಒಲೆಯ ಮುಂದೆ ಕೂರಲಾರ. ಸುರಪುರದ ವ್ಯಾಪಾರಿಯೊಬ್ಬರು ಕಳಿಸುವ ಮೆಣಸಿನಕಾಯಿಯನ್ನು ಒಣಗಿಸಿ ತೊಟ್ಟು ಮುರಿದು ಕೊಡುವುದು ಅವಳ ಕೆಲಸ. ಅದರಿಂದ ಎಣ್ಣೆ, ಉಪ್ಪು, ವಹಾಬನ ಗುಳಿಗೆ ಆಗುತ್ತದೆ. ಹೊಟ್ಟೆಗೆ ಆ ಕಾರ್ಡಿನ ಅಕ್ಕಿಯೇ ಆಗಬೇಕು.

“ವಿದೇಶಿ ಹೆಂಚು?” ವಹಾಬ ಹೊರಸಿನ ಮೇಲೆ ಮಲಗಿದ್ದಲ್ಲಿಂದಲೇ ಮಾಳಿಗೆಯತ್ತ ನೋಡಿದ. “ನಿನ್ನಿ ರಾತ್ರಿ ನನ್ನ ಮೂಗಿನ ಮ್ಯಾಲ ಬಿದ್ದದ್ದು ಯಾವ ದೇಶದ ಮಣ್ಣಾ ಹಂಗಾದ್ರ?”

ಮರುದಿನ ಅವಳು ಪಂಚಾಯಿತಿಗೆ ಹೋದಳು. ಅಲ್ಲಿನ ಕಂಪ್ಯೂಟರು ನೋಡಿಕೊಳ್ಳುವವಳು ತಸ್ಲೀಮಾ, ಶಹಾಪುರದ ಹುಡುಗಿ, ಭೌತಶಾಸ್ತ್ರದಲ್ಲಿ ಪದವಿ ಮಾಡಿದವಳು. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾಳೆ. ಖುರ್ಷೀದಬೇಗಂಳನ್ನು ಚಿಕ್ಕಮ್ಮನೆಂಬಂತೆ ಖಾಲಾ ಎನ್ನುತ್ತಾಳೆ. ಅವಳು ಪರದೆಯನ್ನು ಈ ಕಡೆ ತಿರುಗಿಸಿ ತೋರಿಸಿದಳು. ಬೂದುಬಣ್ಣದ ಚೌಕಗಳ ನಡುವೆ ಒಂದೇ ಒಂದು ಕೆಂಪು ಚೌಕ ಹೊಳೆಯುತ್ತಿತ್ತು.

“ಇದು ನಿಮ್ಮ ಮನಿ, ಖಾಲಾ. ಫೆಬ್ರವರಿಯೊಳಗ ಡ್ರೋನು ಹಾರಿಸಿ ತಗದದ್ದು.”

ಖುರ್ಷೀದಬೇಗಂ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದಳು. “ಅಯ್ಯ, ಇದು ಮೆಣಸಿನಕಾಯಿ! ಆರು ಚೀಲ ಹರವಿದ್ದೆ. ಇಲ್ಲಿ ಮೂಲ್ಯಾಗ ನೋಡು, ಹಕ್ಕಿ ಬರಬಾರದಂತ ನಮ್ಮ ಮನಿಯವರ ಹಳೇ ಅಂಗಿ ಕಟ್ಟೀನಿ.”

“ಅಂಗಿಗೆ ಅದು ‘ಹೊಗೆ ಕೊಳವೆ’ ಅಂತ ಬರದದ.”

ತಸ್ಲೀಮಾ ನಿಧಾನವಾಗಿ ಬಿಡಿಸಿ ಹೇಳಿದಳು. ಯೋಜನೆಯ ಹೆಸರು ‘ಸಮದೃಷ್ಟಿ’. ಯಾರು ಬಡವರು ಎಂಬುದನ್ನು ಈಗ ಮನುಷ್ಯರು ಹೇಳುವಂತಿಲ್ಲ. ಮನುಷ್ಯರು ಚಹಾ ಕುಡಿಯುತ್ತಾರೆ, ಜಾತಿ ನೋಡುತ್ತಾರೆ, ಬೇಕಾದವರ ಹೆಸರು ಬರೆಯುತ್ತಾರೆ. ಆದ್ದರಿಂದ ಯಂತ್ರವೇ ಮೇಲಿನಿಂದ ಎಲ್ಲರ ಮಾಳಿಗೆಯನ್ನೂ ಒಂದೇ ಕಣ್ಣಿನಿಂದ ನೋಡಿ ತೀರ್ಮಾನಿಸುತ್ತದೆ. ಲಕ್ಷ ಮನೆಗಳ ಫೋಟೊ ನೋಡಿ ಕಲಿತಿದೆ.

“ಅದರಾಗ ನಮ್ಮ ಕಡೀ ಮನಿ ಎಷ್ಟಿದ್ವು ಅಂತ ಪತ್ರ ಬರದು ಕೇಳೀನಿ. ನಾಕು ತಿಂಗಳಾತು, ಉತ್ತರ ಇಲ್ಲ.”

ಖುರ್ಷೀದಬೇಗಂಗೆ ಯೋಜನೆಯ ಮೇಲೆ ಸಿಟ್ಟು ಬರಲಿಲ್ಲ. ಹಿಂದೆ ಬರುತ್ತಿದ್ದ ಸಾಹೇಬರುಗಳು ಅವಳ ಮನೆಯ ಚಹಾ ಕುಡಿದು ಪಕ್ಕದ ಮನೆಯವರ ಹೆಸರು ಬರೆದುಕೊಂಡು ಹೋದದ್ದು ನೆನಪಿತ್ತು. ಚಹಾ ಕುಡಿಯದ ಯಂತ್ರ ಒಳ್ಳೆಯದೇ ಅನಿಸಿತು. “ಹಂಗಾದ್ರ ನೀನು ಬಂದು ನೋಡಿ, ಇದು ಮೆಣಸಿನಕಾಯಿ ಅಂತ ಬರದುಬಿಡು” ಎಂದಳು.

“ನಾ ನೋಡಿದ್ರ ಮಾನವ ಹಸ್ತಕ್ಷೇಪ ಆಗ್ತದ, ಖಾಲಾ. ನನ್ನ ನೌಕರಿ ಹೋಗ್ತದ. ಮರುಹಾರಾಟಕ್ಕ ಅರ್ಜಿ ಹಾಕ್ತೀನಿ. ಎರಡು ಸಲ ಅವಕಾಶ ಅದ. ಎರಡೂ ತಪ್ಪಿದ್ರ ಕಾರ್ಡು ಕಾಯಂ ಹೋದಂಗ.”

ಸುದ್ದಿ ಊರು ತುಂಬಿತು. ಅದೇ ಸಂಜೆ ಪಕ್ಕದ ಓಣಿಯ ಅಮರಪ್ಪ ಸಂತೈಸಲು ಬಂದ. ಅಮರಪ್ಪನದು ಎರಡು ಅಂತಸ್ತಿನ ಮನೆ, ಮುಂದೆ ಟ್ರ್ಯಾಕ್ಟರು. ಆದರೆ ಇಡೀ ಮನೆಯ ಮೇಲೆ ಎರಡು ಭಾರೀ ಬೇವಿನ ಮರಗಳು ಹಬ್ಬಿವೆ. ಯಂತ್ರಕ್ಕೆ ಮೇಲಿನಿಂದ ಬೇವು ಮಾತ್ರ ಕಂಡಿತ್ತು. ‘ಮನೆ ಇಲ್ಲ. ಮರದ ಕೆಳಗೆ ವಾಸ’ ಎಂದು ಬರೆದುಕೊಂಡು ಅವನಿಗೆ ಹೊಸ ಕಾರ್ಡು, ಎರಡು ಕಂಬಳಿ ಮಂಜೂರು ಮಾಡಿತ್ತು.

“ನಾ ಬ್ಯಾಡ ಅಂದ್ನಿರಿ ವಹಾಬಣ್ಣ,” ಎಂದ ಅಮರಪ್ಪ, ನೆಲ ನೋಡುತ್ತ. “ಬ್ಯಾಡನ್ನಾಕ ಅದರೊಳಗ ಜಾಗಾನೇ ಇಲ್ಲಂತ.”

“ಕಂಬಳಿ ಹೆಂಗವ?”

“ಛಲೋ ಅವ.”

“ಮತ್ತ ಮರದ ಕೆಳಗ ಥಂಡಿ ಭಾಳ ಇರ್ತದಪ್ಪ. ಹೊದ್ದುಕೋ” ಎಂದ ವಹಾಬ.

ಮೇಲಿನಿಂದ ಬಡವರಾಗಿ ಕಾಣುವುದು ಹೇಗೆ ಎಂಬುದು ಆ ವಾರ ಊರಿನ ಮುಖ್ಯ ಚರ್ಚೆಯಾಯಿತು. ಇಷ್ಟು ದಿನ ಜನ ಬೀದಿಯಿಂದ ಹೇಗೆ ಕಾಣುತ್ತೇವೆ ಎಂದಷ್ಟೇ ಚಿಂತಿಸಿದ್ದರು. ಹಿಂದಿನ ಓಣಿಯ ದೇವಕ್ಕ ಜಾಣತನ ಮಾಡಿ, ತನ್ನ ಮನೆಯ ಮರುಹಾರಾಟದ ದಿನ ಹರಿದ ನೀಲಿ ತಾಡಪತ್ರಿ ಹೊದಿಸಿದಳು. ಅವಳಿಗೆ ‘ಈಜುಕೊಳ’ ಎಂದು ಬಂತು. ಕುಡಿಯುವ ನೀರಿನ ನಳಕ್ಕೆ ವಾರಕ್ಕೊಮ್ಮೆ ಕಾಯುವ ಊರಿನಲ್ಲಿ ಹೆಂಗಸರು ದೇವಕ್ಕನ ಮನೆಮುಂದೆ ಹಾಯುವಾಗ, “ದೇವಕ್ಕ, ಈಸಾಕ ಬರಲೇನು?” ಎಂದು ಕೂಗತೊಡಗಿದರು.

ತಸ್ಲೀಮಾ ಖುರ್ಷೀದಬೇಗಂಳ ಎರಡೂ ಕೈ ಹಿಡಿದು ಹೇಳಿದಳು. “ಖಾಲಾ, ನೀವು ಏನೂ ಮಾಡಬ್ಯಾಡ್ರಿ. ಮೆಣಸಿನಕಾಯಿ ತಗೀರಿ, ಅಷ್ಟ. ಮಾಳಗಿ ಹೆಂಗದನೋ ಹಂಗ ಬಿಡ್ರಿ. ಕಸಾನೂ ಹೊಡೀಬ್ಯಾಡ್ರಿ.”

“ಆತವ್ವ” ಎಂದಳು ಖುರ್ಷೀದಬೇಗಂ. ಮನಸ್ಸಿನಿಂದಲೇ ಅಂದಳು.

ಮುಂದಿನ ಮಂಗಳವಾರ ವಹಾಬನ ಮೊಬೈಲಿಗೆ ಸಂದೇಶ ಬಂತು. ಅವನು ಅಕ್ಷರ ಕೂಡಿಸಿ ಓದಿದ: “ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಸರ್ಕಾರವು ನಿಮ್ಮ ಮನೆಯನ್ನು ನೋಡಲಿದೆ.”

ಅವಳು ಏಣಿ ಹತ್ತಿ ಮಾಳಿಗೆಯನ್ನು ನೋಡಿದಳು. ಕಾಗೆಯ ಹಿಕ್ಕೆ, ಬಿರಿದ ಮಣ್ಣು, ಮೂಲೆಯಲ್ಲಿ ವಹಾಬನ ತೂತುಬಿದ್ದ ಪಾತ್ರೆಗಳು, ಬೆಳಕಿಂಡಿಯ ಸುತ್ತ ಮಸಿ. ನಲವತ್ತು ವರ್ಷದ ಸಂಸಾರದಲ್ಲಿ ಅವಳ ಮನೆಗೆ ಬಂದ ಯಾರೂ ಕಸ ಬಿದ್ದ ನೆಲ ಕಂಡವರಲ್ಲ. ನೆಂಟರು ಬಂದಾಗ, ಸಾಹೇಬರು ಬಂದಾಗ, ಸೂಜಿ ಹಾಕುವ ನರ್ಸು ಬಂದಾಗ ಕೂಡ ಅಂಗಳ ಹಸಿಯಾಗಿರುತ್ತಿತ್ತು. ಈಗ ಸಾಕ್ಷಾತ್ ಸರ್ಕಾರ ಬರುತ್ತದೆ. ಅದೂ ಬಾಗಿಲಿಂದಲ್ಲ, ನೇರ ಮಾಳಿಗೆಗೆ. ಬುಧವಾರ ಮಧ್ಯಾಹ್ನದವರೆಗೆ ಅವಳು ತಡೆದುಕೊಂಡಳು. ಆಮೇಲೆ ಪೊರಕೆ ತೆಗೆದುಕೊಂಡು ಮೇಲೆ ಹೋದಳು. ಪಾತ್ರೆಗಳನ್ನು ಗಂಟು ಕಟ್ಟಿ ಕೆಳಗಿಳಿಸಿ ಗುಡಿಸಿದಳು. ಗುಡಿಸಿದ ಮೇಲೆ ಬಿರುಕುಗಳು ಇನ್ನಷ್ಟು ಎದ್ದು ಕಂಡವು, ಮೆತ್ತಿದಳು. ಮೆತ್ತಿದ ತೇಪೆಗಳು ಅಸಹ್ಯವಾಗಿ ಕಂಡವು. ಕತ್ತಲಾಗುವುದರೊಳಗೆ ಒಂದು ಕೈ, ಗುರುವಾರ ಬಿಸಿಲೇರುವುದರೊಳಗೆ ಇನ್ನೊಂದು ಕೈ ಸುಣ್ಣ ಬಳಿದಳು.

ಹನ್ನೊಂದಕ್ಕೆ ಸರಿಯಾಗಿ ಗುಂಯ್ ಎನ್ನುತ್ತ ಬಂದ ಡ್ರೋನು ಮನೆಯ ಮೇಲೆ ಹೆಚ್ಚು ಹೊತ್ತೇ ನಿಂತಿತು. “ಅದಕ್ಕ ಬಿಟ್ಟು ಹೋಗಾಕ ಮನಸೇ ಬರವಲ್ದು ನೋಡ್ರಿ” ಎಂದು ಅವಳು ಗಂಡನಿಗೆ ಹೇಳಿದಳು.

ಶನಿವಾರ ತಸ್ಲೀಮಾ ಓಡುತ್ತಲೇ ಬಂದಳು. “ಖಾಲಾ, ನಾ ಏನ ಹೇಳಿದ್ದೆ?”

“ಕಸ ಹೊಡೀಬ್ಯಾಡ ಅಂದಿದ್ದಿ. ಮನಿ ನೋಡಾಕ ಬರ್ತಾರ, ಕಸ ಹೊಡೀಬ್ಯಾಡ! ಅಂಥಾ ಮಾತು ಯಾರರೆ ಕೇಳ್ತಾರೇನವ್ವ?”

“ಈಗ ಅದು ‘ಬಿಳಿ ಅಮೃತಶಿಲೆ’ ಅಂತ ಬರದದ.”

ಅಷ್ಟಕ್ಕೇ ಮುಗಿಯಲಿಲ್ಲ. ಯಂತ್ರ ಹಳೆಯ ದಾಖಲೆಗಳನ್ನು ಜೋಡಿಸಿ ನೋಡಿತ್ತು: ಕಳೆದ ವರ್ಷ ಮಣ್ಣು, ಫೆಬ್ರವರಿಯಲ್ಲಿ ವಿದೇಶಿ ಹೆಂಚು, ಏಪ್ರಿಲಿನಲ್ಲಿ ಅಮೃತಶಿಲೆ. ಇಷ್ಟು ವೇಗವಾಗಿ ಬಡತನದಿಂದ ಮೇಲೆದ್ದ ಕುಟುಂಬ ಜಿಲ್ಲೆಯಲ್ಲಿ ಬೇರೊಂದಿರಲಿಲ್ಲ. ವಾರದೊಳಗೆ ಕೆಂಪು ಅಂಚಿನ ಪತ್ರ ಬಂತು. ಯಾದಗಿರಿಯಲ್ಲಿ ಸಮಾರಂಭ. ಖುರ್ಷೀದಬೇಗಂ ಅವರಿಗೆ ‘ಮೇಲೆದ್ದ ಕುಟುಂಬ’ ಪ್ರಶಸ್ತಿ, ಕರೆದೊಯ್ಯಲು ಜೀಪು.

ಸಭಾಂಗಣದಲ್ಲಿ ಅವಳಿಗೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಹಿಂದಿನ ಪರದೆಯ ಮೇಲೆ ಅವಳ ಮಾಳಿಗೆಯ ಮೂರು ಚಿತ್ರಗಳು ಮೂಡಿದವು. ನಿರೂಪಣೆ ಮಾಡುತ್ತಿದ್ದ ಹೆಣ್ಣುಮಗಳು ಮೈಕು ಹಿಡಿದು, “ಅಮ್ಮಾ, ಈ ಏಳಿಗೆಯ ಗುಟ್ಟೇನು?” ಎಂದು ಕೇಳಿದಳು.

“ಸುಣ್ಣರಿ” ಎಂದಳು ಖುರ್ಷೀದಬೇಗಂ. “ನೀಲಿ ಒಂದು ಚಿಟಿಕಿ ಹಾಕಬೇಕು. ಇಲ್ಲಂದ್ರ ಹಳದಿ ಹೊಡೀತದ.”

ದೊಡ್ಡ ಚಪ್ಪಾಳೆ ಬಿತ್ತು. ಮುಂದಿನ ಸಾಲಿನವರೊಬ್ಬರು ಅದನ್ನು ಬರೆದುಕೊಂಡರು.

ವೇದಿಕೆಯ ಪಕ್ಕದ ಕೋಣೆಯಲ್ಲಿ ಅಧಿಕಾರಿ ಒಂದು ಕಾಗದ ಮುಂದಿಟ್ಟರು. ತೆಳ್ಳಗಿನ, ದಣಿದ ಮುಖದ, ಒಳ್ಳೆಯ ಮನುಷ್ಯ. ‘ನಾನು ಸಂತೋಷದಿಂದ ನನ್ನ ಕಾರ್ಡನ್ನು ಬಿಟ್ಟುಕೊಡುತ್ತಿದ್ದೇನೆ’ ಎಂದು ಓದಿ ಹೇಳಿ, ಹೆಬ್ಬೆಟ್ಟಿನ ಜಾಗ ತೋರಿಸಿದರು.

“ಸಾಹೇಬ್ರ, ಅದು ಸುಣ್ಣ. ಅದರ ಕೆಳಗ ಮಣ್ಣದ. ನಾಳೆ ನಮ್ಮ ಮನಿಗಿ ಬರ್ರಿ. ಏಣಿ ಹತ್ತಿ ಉಗುರಿಲೆ ಕೆರದು ನೋಡ್ರಿ. ಅಲ್ಲೇ ಊಟ ಮಾಡೀರಂತ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಗೊತ್ತಮ್ಮ. ಸುಣ್ಣ ಅಂತ ಚಿತ್ರ ನೋಡಿದ ಕೂಡಲೇ ಗೊತ್ತಾಯ್ತು. ನಮ್ಮೂರಲ್ಲೂ ಹಾಗೇ ಬಳೀತಾರೆ. ಆದರೆ ನಾನು ನೋಡಿದ್ದು ಲೆಕ್ಕಕ್ಕೆ ಬರೋದಿಲ್ಲ.”

“ಮತ್ತ ನೀವು ಇಲ್ಲಿ ಏನ ಮಾಡ್ತೀರಿ?”

“ಶಾಲು ಹೊದಿಸ್ತೀನಿ” ಎಂದರು ಅವರು, ತಮಾಷೆಯಲ್ಲದ ದನಿಯಲ್ಲಿ. ಆಮೇಲೆ, “ಇನ್ನೊಂದು ಹಾರಾಟ ಬಾಕಿ ಇದೆ. ಪ್ರಶಸ್ತಿ ಒಪ್ಪಿಕೊಂಡರೆ ಅದು ರದ್ದಾಗುತ್ತೆ. ಒಪ್ಪದಿದ್ದರೆ ಅದು ಉಳಿಯುತ್ತೆ. ಯೋಚಿಸಿ” ಎಂದರು.

ಯೋಚಿಸುವುದಕ್ಕೆ ಏನಿತ್ತು? ಅವಳು ಶಾಲನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟಳು. ಹಣ್ಣಿನ ಬುಟ್ಟಿ ಕೊಡಲಾಗಲಿಲ್ಲ. ಹೊರಗೆ ಕುಳಿತಿದ್ದ ವಹಾಬ ಆಗಲೇ ಮೂರನೆಯ ಬಾಳೆಹಣ್ಣು ಸುಲಿಯುತ್ತಿದ್ದ. ಪ್ರಶಸ್ತಿ ವಾಪಸು ಕೊಟ್ಟವರಿಗೆ ಜೀಪು ಇರಲಿಲ್ಲ. ಇಬ್ಬರೂ ಬಸ್ಸಿನಲ್ಲಿ ಊರಿಗೆ ಬಂದರು.

ಕೊನೆಯ ಹಾರಾಟ ಸೋಮವಾರ ಹತ್ತಕ್ಕೆ ನಿಗದಿಯಾಯಿತು. ಈ ಸಲ ತಸ್ಲೀಮಾ ಹೇಳುವ ಅಗತ್ಯವಿರಲಿಲ್ಲ. ಭಾನುವಾರ ಖುರ್ಷೀದಬೇಗಂ ಬೂದಿಯ ಬುಟ್ಟಿ ಹೊತ್ತು ಏಣಿ ಹತ್ತಿದಳು. ಬಿಳಿಯ ಮಾಳಿಗೆ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು, ನಿಜಕ್ಕೂ ಚೆಂದವಾಗಿತ್ತು. ಮೊದಲ ಹಿಡಿ ಬೂದಿ ಎರಚುವಾಗ ಕೈ ಹಿಂದಕ್ಕೆ ಬಂತು. ಎರಡನೆಯದನ್ನು ಕಣ್ಣು ಮುಚ್ಚಿ ಎರಚಿದಳು. ಬಾಗಿಲ ಕಡೆಯ ಮಣ್ಣು, ಒಲೆಯ ಮಸಿ, ತೊಟ್ಟಿನ ಹೊಟ್ಟು ಎಲ್ಲ ಮೇಲೆ ಹೋಯಿತು. ವಹಾಬ ಬೆಳಕಿಂಡಿಯ ಕೆಳಗೆ ನಿಂತು ಕೂಗಿ ಹೇಳುತ್ತಿದ್ದ.

“ಆ ಎಡಗಡೆ ಇನ್ನೂ ಬೆಳ್ಳಗದ ನೋಡು! ಅಷ್ಟು ಸಾಫ್ ಇದ್ರ ಯಾರು ಅಕ್ಕಿ ಕೊಡ್ತಾರ?”

“ನಿಮ್ಮ ತೂತಿನ ಪಾತ್ರೆ ಎಲ್ಲವ?”

“ಅವನ್ನೂ ತೋರಿಸ್ತೀಯೇನು? ನನ್ನ ಮರ್ಯಾದಿ?”

“ನನ್ನದು ಹೋಗ್ಯಾದ. ನಿಮ್ಮದೂ ಮ್ಯಾಲ ಕಳಸ್ರಿ.”

ಅವನು ಪಾತ್ರೆಗಳ ಗಂಟು ಬಿಚ್ಚಿದ. ಆಮೇಲೆ ನಡುಗುವ ಕೈಗಳಿಂದ ಒಂದೊಂದೇ ಪಾತ್ರೆಯನ್ನು ಬೆಳಕಿಂಡಿಯಿಂದ ಮೇಲೆ ದಾಟಿಸಿದ.

ಸೋಮವಾರ ಹತ್ತಕ್ಕೆ ಡ್ರೋನು ಬಂತು. ಯಾರೂ ಮಾಳಿಗೆಯ ಮೇಲೆ ಇರಬಾರದೆಂಬುದು ನಿಯಮ. ಅವಳು ಏಣಿಯ ಕೊನೆಯ ಮೆಟ್ಟಿಲಲ್ಲಿ, ತಲೆಯಷ್ಟೇ ಮೇಲೆ ಕಾಣುವಂತೆ ನಿಂತಿದ್ದಳು. ಅದು ಬೂದಿಯ ಮೇಲೆ, ಮಸಿಯ ಮೇಲೆ, ಪಾತ್ರೆಗಳ ಮೇಲೆ ನಿಧಾನವಾಗಿ ಸುಳಿದಾಡುವಾಗ ತಡೆದುಕೊಳ್ಳಲಾಗಲಿಲ್ಲ. ಸೆರಗನ್ನು ತಲೆತುಂಬ ಎಳೆದುಕೊಂಡು, ಕೈಯೆತ್ತಿ ಅದಕ್ಕೆ ಹೇಳಿದಳು: “ಮಾಫ್ ಮಾಡಪ್ಪ. ಮನಿ ಹೊಲಸಾಗ್ಯಾದ. ದಿನಾ ಹಿಂಗ ಇರಂಗಿಲ್ಲ.”

ಡ್ರೋನು ಒಂದು ಕ್ಷಣ ಅವಳ ತಲೆಯ ಮೇಲೆ ನಿಂತು, ಹಿಂದಿನ ಓಣಿಯ ಕಡೆ ಹೊರಟುಹೋಯಿತು.

ಮೂರನೆಯ ದಿನ ತಸ್ಲೀಮಾ ಫೋನು ಮಾಡಿದಳು. “ಖಾಲಾ! ಕಾರ್ಡು ಬಂತು. ಅಕ್ಕಿ ಈ ತಿಂಗಳಿಂದನ ಚಾಲೂ.”

ಹೊರಸಿನ ಮೇಲಿದ್ದ ವಹಾಬ ಎದ್ದು ಕುಳಿತ. ಖುರ್ಷೀದಬೇಗಂ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. “ಮನಿ ಬಗ್ಗೆ ಏನ ಬರದದ?”

“ಅದ್ಯಾಕ ಈಗ, ಖಾಲಾ?”

“ಓದು.”

ತಸ್ಲೀಮಾ ತಡವರಿಸಿದಳು. “ಚಾವಣಿ: ಶಿಥಿಲ. ಸ್ವಚ್ಛತೆ: ತೀರಾ ಕಳಪೆ. ಷರಾ: ಹಾಳುಬಿದ್ದ ಜಾಗದಲ್ಲಿ ವಯಸ್ಸಾದ ಒಬ್ಬ ಮಹಿಳೆ.”

“ಅದನ್ನ ಅಳಿಸಾಕ ಬರ್ತದೇನು?”

“ಇಲ್ಲ, ಖಾಲಾ. ಅಳಿಸಿದ್ರ ಅಕ್ಕೀನೂ ಹೋಗ್ತದ.”

ಅವಳು ಫೋನು ಇಟ್ಟು, ಒಳಗೆ ಹೋಗಿ ಖಾಲಿ ಚೀಲ ತಂದಳು. ನ್ಯಾಯಬೆಲೆ ಅಂಗಡಿಯ ಮುಂದೆ ಸಾಲಿನಲ್ಲಿದ್ದ ಹೆಂಗಸರು ಸರಿದು ಜಾಗ ಮಾಡಿಕೊಟ್ಟರು. ದೇವಕ್ಕ ಅವಳ ಬೆನ್ನು ತಟ್ಟಿದಳು. ಮಲ್ಲು ಯಂತ್ರದ ಪರದೆ ನೋಡಿ ಹಲ್ಲುಬಿಟ್ಟ.

“ಖುರ್ಷೀದಮ್ಮ, ಮತ್ತ ಬಡವರಾದ್ರಿ ನೋಡ್ರಿ! ಎಷ್ಟು ಖುಷಿ ಆತು ನನಗ! ನಿಮ್ಮ ಮನಿ ಎಷ್ಟು ಹಾಳಾಗ್ಯಾದ ಅಂತ ಇದರಾಗ ಬರದಾರ, ಓದ್ಲೇನ್ರಿ?”

“ಓದಬ್ಯಾಡ” ಎಂದಳು ಖುರ್ಷೀದಬೇಗಂ, ಚೀಲದ ಬಾಯನ್ನು ಎರಡೂ ಕೈಯಿಂದ ಅಗಲಿಸಿ ಹಿಡಿದು. “ಬಾಯಿ ಮುಚ್ಚಿ, ತೂಕ ಸರಿ ಹಾಕು.”