ಆಟದ ಡಾಕ್ಟ್ರು

ಸಂಜೆಯೊಳಗೆ ಹೌದು ಅಥವಾ ಬೇಡ ಎನ್ನಬೇಕಿತ್ತು. ಧನ್ಯಶ್ರೀಗೆ ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹೊನ್ನಾವರದ ಖಾಸಗಿ ಆಸ್ಪತ್ರೆಯ ಕಿಟಕಿಯ ಹತ್ತಿರ ಹೋಗುವಳು, ಮೊಬೈಲ್ ನೋಡುವಳು, ಮತ್ತೆ ಬಂದು ಕುರ್ಚಿ ಎಳೆಯುವಳು. ಎಂಬಿಬಿಎಸ್ ಮುಗಿಸಿ ಅಲ್ಲೇ ಡ್ಯೂಟಿ ಡಾಕ್ಟರಾಗಿದ್ದವಳಿಗೆ ಕ್ರೀಡಾ ವೈದ್ಯಕೀಯದಲ್ಲಿ ಎಂಡಿ ಸೀಟು ಸಿಕ್ಕಿತ್ತು. ಮೂರು ವರ್ಷ, ಅದೂ ದೂರದೂರಿನಲ್ಲಿ. ಬಿಟ್ಟರೆ ಮುಂದಿನ ಸುತ್ತಿನಲ್ಲಿ, ಶಸ್ತ್ರಚಿಕಿತ್ಸೆಗೆ ಮುನ್ನ ಮಂಪರು ಕೊಡುವ ಅರಿವಳಿಕೆ ವಿಭಾಗದ ಸೀಟು ಸಿಗಬಹುದು.

ಹಿರಿಯ ವೈದ್ಯ ಮೋಹನರಂತೂ ತಲೆ ತಿಂದುಬಿಟ್ಟಿದ್ದರು. "ಅರಿವಳಿಕೆ ತಗೋ ಮಾರಾಯ್ತಿ. ಕುಮಟಾದಿಂದ ಭಟ್ಕಳದ ತನಕ ಕರಿಯೂಕೆ ಜನ ಅದಾರೆ. ಕ್ರೀಡೆ ಕಲ್ತು ಇಲ್ಲಿ ಎಂತ ಮಾಡ್ತೆ? ಶರಾವತಿ ದಂಡೆ ಮೇಲೆ ಒಲಿಂಪಿಕ್ಸ್ ನಡೀತದಾ?"

ಅವರು ಹೇಳುವುದರಲ್ಲಿ ಸುಳ್ಳಿರಲಿಲ್ಲ, ಅದೇ ಅವಳ ಸಂಕಟ. ಇನ್ನು ಬೆಳಕೆ ಊರಿನಲ್ಲಿ ಮೀನು ಮಾರುವ ಅಮ್ಮ ದುರ್ಗಮ್ಮ ಬೇರೆಯೇ ಅವಾಂತರ ಮಾಡಿದ್ದಳು. ಕ್ರೀಡೆ ಎಂದರೆ ಎಂತದು ಎಂದು ಕೇಳಿದ್ದಕ್ಕೆ ಮಗಳು ಅವಸರದಲ್ಲಿ "ಆಟ" ಎಂದಿದ್ದಳು. ಅಷ್ಟೇ ಸಾಕಾಯಿತು. ಈ ಕಡೆ ಆಟ ಎಂದರೆ ಯಕ್ಷಗಾನ. ಚೆಂಡು, ಬ್ಯಾಟು ಆಮೇಲಿನ ಮಾತು. ಮಗಳು ಆಟದ ಡಾಕ್ಟ್ರಾಗುತ್ತಾಳೆ ಎಂದು ದುರ್ಗಮ್ಮ ಬಂಗಡೆಯ ಜೊತೆಗೆ ಸುದ್ದಿಯನ್ನೂ ಮನೆಮನೆಗೆ ಹಂಚಿದಳು.

ಆ ಸುದ್ದಿ ಮಧ್ಯಾಹ್ನ ಕುಂಟುತ್ತಾ ಒಳಗೆ ಬಂತು.

"ಆಟದ ಡಾಕ್ಟ್ರು ನೀವೇ ಅಲ್ದಾ? ದುರ್ಗಮ್ಮ ಹೇಳಿದ್ರು." ಬಂದವನು ಹರಿಹರ, ಮೇಳದ ವೇಷಧಾರಿ. ನೆಲಕ್ಕೆ ಮಂಡಿಯೂರಿ ಗಿರಗಿರನೆ ತಿರುಗಿದರೆ ಕುಮಟಾದ ಜನ ಶಿಳ್ಳೆ ಹೊಡೆಯುವಂಥ ಕುಣಿತ ಅವನದು. ಈಗ ಆ ಮಂಡಿ ಊದಿಕೊಂಡಿತ್ತು. "ಇವತ್ತು ರಾತ್ರೆ ಬಾಡ ಊರಲ್ಲಿ ಆಟ ಅದೆ. ನೋವು ಗೊತ್ತಾಗ್ದಿದ್ದಂಗೆ ಒಂದು ಇಂಜೆಕ್ಷನ್ ಕೊಡಿ, ಆತು."

ಧನ್ಯಶ್ರೀಗೆ ನಗು ಬಂತು, ಮಂಡಿ ಮುಟ್ಟುತ್ತಲೇ ಹೋಯಿತು. ಕಾಲು ಮಡಿಸಿದಾಗ ಒಳಗೇನೋ ಸಿಕ್ಕಿಕೊಂಡಿತು. ಹರಿಹರ ಹಲ್ಲು ಕಚ್ಚಿದ. ನೋವು ಮುಚ್ಚಿಸಿ ಕುಣಿಸಿದರೆ ಮಂಡಿಯೇ ಹೋದೀತು ಎನ್ನುವಷ್ಟು ಅವಳಿಗೆ ಗೊತ್ತಿತ್ತು.

"ಇಂಜೆಕ್ಷನ್ ಕೊಡುದಿಲ್ಲ ಹರಿಹರಣ್ಣ. ಮೊದ್ಲು ಸ್ಕ್ಯಾನ್ ಆಗ್ಬೇಕು. ಇವತ್ತು ಕುಣೀಬೇಡಿ."

"ನಾಳೆ?"

"ನಾಳೆನೂ ಬೇಡ."

"ಮತ್ತೆ ಯಾವಾಗ ಕುಣೂಕಾತದೆ? ಕೂತು ಮಾಡೂ ವೇಷನಾ, ನಿಂತು ಮಾಡೂದಾ? ಮಂಡಿ ಹಾಕೂದು ಪೂರಾ ಬಿಡ್ಬೇಕಾ? ಹೇಳಿ."

ಇಷ್ಟು ವರ್ಷ ಅವಳು ಓದಿದ ಪುಸ್ತಕವೆಲ್ಲ 'ವಿಶ್ರಾಂತಿ' ಎಂಬಲ್ಲಿಗೆ ಮುಗಿಯುತ್ತಿತ್ತು. ಗಾಯಗೊಂಡ ದೇಹವನ್ನು ಮರಳಿ ಕುಣಿತಕ್ಕೆ, ಓಟಕ್ಕೆ ಹೇಗೆ ತರುವುದು, ಯಾವಾಗ ಮತ್ತೆ ಕುಣಿಯಲು ಬಿಡುವುದು ಎಂಬುದನ್ನೇ ಕಲಿಸಲು ಆ ಮೂರು ವರ್ಷ.

"ಗೊತ್ತಿಲ್ಲ," ಎಂದಳು.

ಹರಿಹರ ಸಿಟ್ಟಾಗಲಿಲ್ಲ. "ಆಟದ ಡಾಕ್ಟ್ರಿಗೇ ಗೊತ್ತಿಲ್ದೇ ಇದ್ರೆ ಮತ್ಯಾರ ಹತ್ರ ಕೇಳುದು?" ಎಂದಷ್ಟೇ ಅಂದ.

"ನಾನಿನ್ನೂ ಆಗ್ಲಿಲ್ಲ. ಮೂರು ವರ್ಷ ಕಲೀಬೇಕು."

"ಅಲ್ಲೀತನಕ ಇದು ಕಾಯ್ತದಾ?" ಹರಿಹರ ಮಂಡಿ ಸವರಿಕೊಂಡು ಫೋನ್ ತೆಗೆದ. ಮೇಳದವರಿಗೆ ಹೇಳಿದ: "ನನ್ನ ವೇಷ ಇವತ್ತು ಬೇರೆಯವ್ರಿಗೆ ಕೊಡಿ."

ಅವನನ್ನು ಸ್ಕ್ಯಾನಿಗೆ ಕಳಿಸಿ, ಧನ್ಯಶ್ರೀ ನಿಂತಲ್ಲೇ ಮೊಬೈಲಿನಲ್ಲಿ ಸೀಟು ಒಪ್ಪಿಕೊಂಡಳು. ಅಮ್ಮನಿಗೆ ಫೋನ್ ಮಾಡಿದಳು.

"ಅಮ್ಮಾ, ಹೋಗ್ತೆ ನಾನು. ಕಲ್ತು ಇಲ್ಲಿಗೇ ಬತ್ತೆ. ಊರಲ್ಲಿ ನೀನು ಆಟದ ಡಾಕ್ಟ್ರು ಅಂದಿದ್ದು ಹಾಗೇ ಇರ್ಲಿ."

"ಮತ್ತೆ? ನಾನೆಂತ ಸುಳ್ಳು ಹೇಳಿದ್ನಾ?" ಎಂದಳು ದುರ್ಗಮ್ಮ.