ಬಲಗಿವಿಗೆ ಸದ್ದಿಲ್ಲ

೧

ಎಲ್ಲಿಂದ ಶುರು ಮಾಡುವುದು? ಬೆಳಗಿನಿಂದ ಇದೇ ಪೇಚಾಟ. ಫೋನಿನಿಂದ ಶುರು ಮಾಡಿದರೆ ಇದೇನು ಕಥೆಯೋ, ಹೊಸ ಫೋನಿನ ಡಬ್ಬಿಯಲ್ಲಿ ಮಡಚಿಟ್ಟಿರುವ, ಯಾರೂ ಓದದ ಆ ಕಾಗದವೋ ಎಂದು ನೀವು ಮೂಗು ಮುರಿಯುತ್ತೀರಿ. ಹೊಟ್ಟೆಕಿಚ್ಚಿನಿಂದ ಶುರು ಮಾಡಿದರೆ ಅದು ಯಾರ ಹೊಟ್ಟೆಯದು ಎಂದು ಮೊದಲ ಸಾಲಿನಲ್ಲೇ ಬಾಯಿ ಬಿಡಬೇಕಾಗುತ್ತದೆ. ಅಷ್ಟು ಬೇಗ ಬಾಯಿ ಬಿಟ್ಟರೆ ಉಳಿದ ಪುಟಗಳಿಗೆ ನನ್ನ ಹತ್ತಿರ ಏನಿರುತ್ತದೆ?

ಮೊದಲ ಡ್ರಾಫ್ಟ್ ಹೀಗಿತ್ತು: "ಕಿಟಕಿಯಾಚೆ ಸಂಜೆ ಮೆಲ್ಲಗೆ ಕರಗುತ್ತಿತ್ತು. ಅವನು ನಿಟ್ಟುಸಿರಿಟ್ಟ." ಹೊಡೆದು ಹಾಕಿದೆ. ಅವನ ಅಂಗಡಿಗೆ ಕಿಟಕಿಯೇ ಇಲ್ಲ. ಮೂರು ಗೋಡೆ, ಒಂದು ಶಟರ್. ಒಳಗೆ ಒಬ್ಬ ಕೂತರೆ ಇನ್ನೊಬ್ಬ ನಿಲ್ಲಬೇಕು. ನಿಟ್ಟುಸಿರಿಟ್ಟರೆ ಮೇಜಿನ ಮೇಲಿನ ಸ್ಕ್ರೂಗಳೆಲ್ಲ ಹಾರಿಹೋಗುತ್ತವೆ.

ಎರಡನೆಯ ಡ್ರಾಫ್ಟ್‌ನಲ್ಲಿ ಫೋನೇ ಕಥೆ ಹೇಳುತ್ತಿತ್ತು. (ನಗಬೇಡಿ. ಊಟಕ್ಕೆ ಮೊದಲು ಬರೆದದ್ದು.)

ಸುತ್ತಿ ಬಳಸುವುದು ಬೇಡ, ನೇರವಾಗಿ ಹೇಳಿಬಿಡುತ್ತೇನೆ.

೨

ಅವನು ಫೋನ್ ರಿಪೇರಿ ಮಾಡುವವನು. ಅವನ ಹೆಂಡತಿ ಎರಡು ಬೀದಿ ಆಚೆ, ಮಹಡಿಯ ಮೇಲಿರುವ ಒಂದು ಹೊಲಿಗೆ ಅಂಗಡಿಯಲ್ಲಿ ಕೈಕೆಲಸದವಳು. ಮಿಷನ್ನಿನಿಂದ ಬಂದ ಬಟ್ಟೆಗಳ ಅಂಚು ಮಡಚಿ ಹೆಮ್ಮಿಂಗ್ ಮಾಡುತ್ತಾಳೆ. ಅದೇ ಮೇಜಿನಲ್ಲಿ, ಅವಳ ಪಕ್ಕಕ್ಕೆ ಕೂರುವವಳು ಅಂಗಿಗಳಿಗೆ ಕಾಜಾ ಕತ್ತರಿಸಿ ಗುಂಡಿ ಹಚ್ಚುತ್ತಾಳೆ. ವಯಸ್ಸಿನಲ್ಲಿ ದೊಡ್ಡವಳು. ಎಲ್ಲರೂ ಅವಳನ್ನು ಕಾಜಕ್ಕ ಎನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ.

ಒಂದು ದಿನ ಹೆಂಡತಿ ಕನ್ನಡಕ ಮನೆಯಲ್ಲೇ ಮರೆತು ಹೋದಳು. ಕನ್ನಡಕವಿಲ್ಲದೆ ಅವಳಿಗೆ ಸೂಜಿಗೆ ದಾರ ಪೋಣಿಸಲಾಗದು. ಅವನು ಶಟರ್ ಅರ್ಧ ಎಳೆದು, ಅದನ್ನು ಕೊಟ್ಟು ಬರಲು ಹೋದ. ಮಹಡಿ ಹತ್ತಿ ಬಾಗಿಲಲ್ಲಿ ನಿಂತ. ಹೆಂಡತಿಯ ಏಪ್ರನ್ ಜೇಬಿನಿಂದ ಇಯರ್‌ಫೋನಿನ ವೈರ್ ಮೇಲೆದ್ದು ಎರಡು ಕವಲಾಗಿತ್ತು. ಎಡಗಡೆಯದು ಹೆಂಡತಿಯ ಕಿವಿಯಲ್ಲಿ, ಬಲಗಡೆಯದು ಕಾಜಕ್ಕನ ಕಿವಿಯಲ್ಲಿ. ವೈರ್ ಗಿಡ್ಡ, ಹಾಗಾಗಿ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಹೆಂಡತಿಯ ಸೂಜಿಗೂ ಕಾಜಕ್ಕನೇ ದಾರ ಪೋಣಿಸಿ ಕೊಡುತ್ತಿದ್ದಳು. ಇದ್ದಕ್ಕಿದ್ದಂತೆ ಇಬ್ಬರೂ ಒಟ್ಟಿಗೇ ನಕ್ಕರು. ಸೂಜಿ ಕೆಳಗಿಟ್ಟು, ಒಬ್ಬರ ಮೇಲೊಬ್ಬರು ವಾಲಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಆ ನಗುವನ್ನು ಅವನು ಮನೆಯಲ್ಲಿ ಕಂಡಿರಲಿಲ್ಲ. ಮದುವೆಯಾದ ಹೊಸದರಲ್ಲಿ ಕಂಡಿದ್ದನೋ ಏನೋ, ನೆನಪಾಗಲಿಲ್ಲ. ಕನ್ನಡಕವನ್ನು ಬಾಗಿಲ ಪಕ್ಕದ ಸ್ಟೂಲಿನ ಮೇಲಿಟ್ಟು ಹಾಗೇ ಇಳಿದು ಬಂದ.

ಊಟಕ್ಕೆ ಕೂತಾಗ ಕೇಳಿದ.

"ಅದೇನು ಕೇಳ್ತೀರಿ ಇಬ್ರೂ ಸೇರ್ಕೊಂಡು?"

"ಯಾವುದೋ ಆಡಿಯೋ ಧಾರಾವಾಹಿ ರೀ. ಹಡಗಿನಲ್ಲಿ ಒಬ್ಬ ಅಡುಗೆಯವನು ಇರ್ತಾನೆ."

"ಏನಂತೆ ಅವನಿಗೆ?"

"ಅಯ್ಯೋ, ಅದನ್ನ ಹಿಂಗೆಲ್ಲ ಹೇಳೋಕಾಗಲ್ಲ. ಕೇಳಿದ್ರೇನೇ ಚೆಂದ."

ಹೇಳೋಕಾಗಲ್ಲ ಎಂಬ ಆ ಮಾತು ಅವನ ತಲೆಯಲ್ಲಿ ಕೂತುಬಿಟ್ಟಿತು. ಅವಳು ಕಾಜಕ್ಕನ ಹೆಸರು ಎತ್ತಿದಾಗ ತಟ್ಟೆಯನ್ನು ಅತ್ತ ತಳ್ಳಿದ.

೩

(ಇಲ್ಲಿ ಅವನು ನನ್ನ ಹತ್ತಿರ ತಕರಾರು ತೆಗೆದ.)

"ಹೊಟ್ಟೆಕಿಚ್ಚು ಅಂತ ಬರೀಬೇಡಿ ಕಥೆಗಾರ್ರೇ."

"ಮತ್ತೇನಂತ ಬರೀಲಿ?"

"ಬೇಜಾರು ಅಂತ ಬರೀರಿ."

"ಬೇಜಾರಾದವನು ಕಾಜಕ್ಕನ ಹೆಸರು ಬಂದ್ರೆ ತಟ್ಟೆ ಅತ್ತ ತಳ್ತಾನಾ?"

"ತಳ್ಳಿಲ್ಲ. ಸ್ವಲ್ಪ ಸರಿಸಿದೆ, ಅಷ್ಟೆ." ಆಮೇಲೆ ದನಿ ಇಳಿಸಿದ. "ಯಾವನೋ ಗಂಡಸಿನ ಮೇಲೆ ಅಂದಿದ್ರೆ ಜನಕ್ಕೆ ಅರ್ಥ ಆಗ್ತಿತ್ತು. ಗುಂಡಿ ಹಚ್ಚೋ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಅಂದ್ರೆ ಬೀದೀಲಿ ತಲೆ ಎತ್ತೋಕಾಗುತ್ತಾ ನಾನು?"

ಪಾಪ ಅನ್ನಿಸಿತು. ಅವನ ಮಾನ ಉಳಿಸಲೆಂದೇ ಮೂರನೆಯ ಡ್ರಾಫ್ಟ್‌ನಲ್ಲಿ ಕಾಜಕ್ಕನನ್ನು ಗಂಡಸು ಮಾಡಿದೆ: ದಪ್ಪ ಮೀಸೆಯ ಕಟಿಂಗ್ ಮಾಸ್ಟರ್, ಹಾಡುಗಾರ ಬೇರೆ. ಕಾಜಕ್ಕ ಒಪ್ಪಲಿಲ್ಲ. ಕತ್ತರಿ ಮೇಲೆತ್ತಿ, "ಆ ಮೀಸೆ ನೀನೇ ಇಟ್ಕೋ" ಎಂದಳು. ಡ್ರಾಫ್ಟ್ ಹರಿದೆ.

೪

ಬೇಡಿಕೊಂಡಂತೆ ಆಯಿತು ನೋಡಿ, ಸ್ವಲ್ಪ ದಿನಕ್ಕೆ ಫೋನೇ ಕೆಟ್ಟಿತು.

"ರೀ, ಬಲಗಿವಿದು ಕೇಳಿಸ್ತಿಲ್ಲ. ವೈರ್ ತಿರುವಿದ್ರೆ ಒಂದ್ಸಲ ಬರುತ್ತೆ, ಒಂದ್ಸಲ ಹೋಗುತ್ತೆ. ನೋಡ್ತೀರಾ?"

ಅಂಗಡಿಗೆ ಒಯ್ದು ನೋಡಿದ. ಮೊದಲು ಬೇರೆ ಇಯರ್‌ಫೋನ್ ಚುಚ್ಚಿದ. ಅದರಲ್ಲೂ ಬಲಗಡೆ ಸತ್ತಿತ್ತು. ಅಂದರೆ ವೈರಿನ ತಪ್ಪಲ್ಲ. ಸೆಟ್ಟಿಂಗ್ಸ್ ಒಳಗೆ ಹೋಗಿ ಎಡಬಲದ ಸದ್ದಿನ ಬ್ಯಾಲೆನ್ಸ್ ನೋಡಿದ. ಸ್ಲೈಡರ್ ನಟ್ಟನಡುವೆ ಇತ್ತು, ಅಲ್ಲೂ ತಪ್ಪಿಲ್ಲ. ಆಮೇಲೆ ಫೋನ್ ಆಫ್ ಮಾಡಿ, ಜ್ಯಾಕಿನ ತೂತಿಗೆ ಟಾರ್ಚ್ ಬಿಟ್ಟು, ಭೂತಗನ್ನಡಿಯಲ್ಲಿ ಇಣುಕಿದ. ತಳದಲ್ಲಿ ಬೂದು ಬಣ್ಣದ ಹತ್ತಿ ಗಟ್ಟಿಯಾಗಿ ಕೂತಿತ್ತು. ದಿನವಿಡೀ ಏಪ್ರನ್ ಜೇಬಿನಲ್ಲಿರುವ ಫೋನು. ಬಟ್ಟೆಯ ನವಿರು ನಾರೆಲ್ಲ ಒಳಗಿಳಿದು, ಪ್ಲಗ್ ಚುಚ್ಚಿದಾಗಲೆಲ್ಲ ಇನ್ನಷ್ಟು ಅಮುಕಿಕೊಂಡಿತ್ತು. ಪ್ಲಗ್ ಪೂರ್ತಿ ಒಳಗೆ ಹೋಗದೆ ಬಲಗಡೆಯ ಪಿನ್ನಿಗೆ ತಾಗುತ್ತಿರಲಿಲ್ಲ. ಮರದ ಹಲ್ಲುಕಡ್ಡಿಯನ್ನು ತೆಳ್ಳಗೆ ಹೆರೆದು, ಪಿನ್ ಬಾಗದಂತೆ ತಿರುವುತ್ತಾ ತಿರುವುತ್ತಾ ಹೊರಗೆಳೆದ. ಒಂದು ಮುದ್ದೆ ಹತ್ತಿ ಬಂತು, ಅದರಲ್ಲಿ ಒಂದು ಕೆಂಪು ದಾರದ ತುಣುಕು. ಗಾಳಿ ಊದಿದ. ಸ್ಪಿರಿಟ್ಟಿನಲ್ಲಿ ಅದ್ದಿದ ಸಣ್ಣ ಬ್ರಷ್ಷಿನಿಂದ ಪಿನ್ನುಗಳನ್ನು ಒರೆಸಿ ಒಣಗಲು ಬಿಟ್ಟ. ಪ್ಲಗ್ ಹಾಕಿದರೆ ಟಕ್ ಎಂದು ಕೂತಿತು. ಫೋನ್ ಆನ್ ಮಾಡಿ ಧಾರಾವಾಹಿ ಹಾಕಿದರೆ ಎರಡೂ ಕಿವಿಯಲ್ಲಿ ಹಡಗಿನ ಸೈರನ್ ಕೂಗಿತು.

ಇಲ್ಲಿಗೆ ರಿಪೇರಿ ಮುಗಿಯಿತು. ಅವನು ಒಳ್ಳೆಯವನಾಗಿದ್ದರೆ ಕಥೆಯೂ ಮುಗಿಯುತ್ತಿತ್ತು, ನಾನೂ ಹೋಗಿ ಮಲಗಬಹುದಿತ್ತು.

ಆದರೆ ಆ ಗಿಡ್ಡ ವೈರ್ ಅವನ ಕಣ್ಣಿಗೆ ಕಟ್ಟಿತು. ಮತ್ತೆ ಸೆಟ್ಟಿಂಗ್ಸ್ ತೆರೆದ. ಸ್ಲೈಡರನ್ನು ಬೆರಳಿನಿಂದ ಎಡಗಡೆಯ ತುದಿಯವರೆಗೂ ಎಳೆದ. ಬಲಗಿವಿ ಮತ್ತೆ ಮೂಕವಾಯಿತು.

"ಜ್ಯಾಕ್ ಹೋಗಿದೆ," ಎಂದ ಹೆಂಡತಿಗೆ. "ಹಳೇ ಮಾಡೆಲ್, ಪಾರ್ಟ್ ಸಿಗೋದು ಕಷ್ಟ. ಒಂದು ಕಿವೀಲಿ ಸುಧಾರಿಸ್ಕೋ."

"ಒಂದು ಕಿವೀಲಿ ಇಬ್ರು ಹೆಂಗ್ರೀ ಕೇಳೋದು? ಸ್ಪೀಕರ್ ಹಾಕೋಕೆ ನಮ್ ಓನರಮ್ಮ ಬಿಡಲ್ಲ."

ಇನ್ನು ಆ ಧಾರಾವಾಹಿ ನಿಲ್ಲುತ್ತದೆ, ಸಂಜೆ ಹೊತ್ತು ತನ್ನ ಜೊತೆ ಮಾತಿಗೆ ಕೂರುತ್ತಾಳೆ, ಹಾಗೆ ನಗುತ್ತಾಳೆ. ಅವನಿಗೆ ಬೇಕಾಗಿದ್ದು ಅಷ್ಟೇ.

೫

(ಪಕ್ಕದ ಮಾತು. ಇಷ್ಟವಿಲ್ಲದವರು ಆರಕ್ಕೆ ಹಾರಿ.)

ಆ ಹಡಗಿನ ಅಡುಗೆಯವನ ಧಾರಾವಾಹಿಯನ್ನು ನಾನೂ ಕೇಳಿದೆ. ಕಥೆಗಾರರು ಇನ್ನೊಬ್ಬರ ಕಥೆ ಕೇಳುವುದು ತಪ್ಪು ಹುಡುಕಲು. ಸಿಕ್ಕಿತು, ಬೇಕಾದಷ್ಟು ಸಿಕ್ಕಿತು. ಅಡುಗೆಯವನು ಒಂದೇ ಪಾತ್ರೆಯನ್ನು ಎರಡು ಸಲ ಸಮುದ್ರಕ್ಕೆ ಬೀಳಿಸುತ್ತಾನೆ. ಮಾತು ಜಾಳು, ತಿರುವುಗಳು ಹಳಸಲು. ಆದರೂ ಅದನ್ನು ಕೇಳಿ ಇಬ್ಬರು ಹೆಂಗಸರು ಸೂಜಿ ಕೆಳಗಿಟ್ಟರು. ನನ್ನ ಕಥೆ ಓದಿ ಈವರೆಗೆ ಯಾರೂ ಚಮಚ ಕೂಡ ಕೆಳಗಿಟ್ಟದ್ದಿಲ್ಲ. ಇದಕ್ಕೆ ಬೇಜಾರು ಎನ್ನಬಹುದು. ನಾನು ಹೊಟ್ಟೆಕಿಚ್ಚು ಎನ್ನುತ್ತೇನೆ.

೬

ಅವನು ಎಣಿಸಿದ್ದೊಂದು, ಆದದ್ದು ಇನ್ನೊಂದು. ಮೊದಲಾದರೆ ಅವಳು ಕೆಲಸದ ಹೊತ್ತಿನಲ್ಲಿ ಕೇಳಿ ಮುಗಿಸಿ ಬರುತ್ತಿದ್ದಳು. ಈಗ ಸಂಜೆ ಪೂರ್ತಿ ಒಂದು ಕಿವಿಗೆ ಸಿಕ್ಕಿಸಿಕೊಂಡು ಅಡುಗೆಮನೆಯಲ್ಲಿ ಓಡಾಡತೊಡಗಿದಳು. ಅವನು ಏನಾದರೂ ಅಂದರೆ ಕೈ ಎತ್ತಿ ತಡೆಯುತ್ತಿದ್ದಳು. "ಒಂದ್ನಿಮಿಷ ಇರಿ, ಇದನ್ನ ಸರಿಯಾಗಿ ಕೇಳಿಸ್ಕೋಬೇಕು." ಇದ್ದ ಸಂಜೆಯೂ ಕೈ ಬಿಟ್ಟು ಹೋಯಿತು.

ಯಾಕೆ ಸರಿಯಾಗಿ ಕೇಳಿಸಿಕೊಳ್ಳಬೇಕು ಎಂಬುದು ಕಾಜಕ್ಕನ ಬಾಯಲ್ಲಿ ತಿಳಿಯಿತು. ಅವಳು ತನ್ನ ಫೋನಿಗೆ ಹೊಸ ಗಾಜು ಹಾಕಿಸಲು ಅಂಗಡಿಗೆ ಬಂದಿದ್ದಳು.

"ಏನಪ್ಪಾ ರಿಪೇರಿ, ನಿನ್ ಹೆಂಡ್ತಿ ಕಥೆ ಹೇಳೋದು ಕೇಳಿದ್ದೀಯಾ?"

"ಯಾವ ಕಥೆ?"

"ಅದೇ, ಹಡಗಿಂದು. ಮನೇಲಿ ಕೇಳ್ಕೊಂಡು ಬರ್ತಾಳೆ, ಮಾರನೇ ದಿನ ನಮಗೆಲ್ಲ ಹೇಳ್ತಾಳೆ. ಅಬ್ಬಾ, ಆ ಫೋನಿಗಿಂತ ಎಷ್ಟೋ ಚೆನ್ನಾಗಿ ಹೇಳ್ತಾಳೆ ಕಣಪ್ಪ! ಅಡುಗೆಯವನು ಕುಂಟ್ಕೊಂಡು ಹೋಗೋದನ್ನ ಎದ್ದು ನಡೆದೇ ತೋರಿಸ್ತಾಳೆ. ಎಲ್ರೂ ಮಿಷನ್ ನಿಲ್ಸಿ ಮೇಜಿನ ಸುತ್ತ ಬಂದು ಕೂರ್ತಾರೆ. ಓನರಮ್ಮ ಬೈಯೋಕೆ ಬಂದೋಳು ಅಲ್ಲೇ ಕುರ್ಚಿ ಎಳ್ಕೊಂಡ್ಳು. ಆ ಒಂದು ಕಿವಿ ಕೆಟ್ಟಿದ್ದೇ ಒಳ್ಳೇದಾಯ್ತು ನೋಡು!"

ಅವನು ಗಾಜನ್ನು ಸೊಟ್ಟ ಅಂಟಿಸಿದ. ಕಿತ್ತು ಮತ್ತೆ ಅಂಟಿಸಿದ. ತನಗೆ ಹೇಳೋಕಾಗಲ್ಲ ಎಂದವಳು ಅಲ್ಲಿ ಎದ್ದು ಕುಂಟಿ ತೋರಿಸುತ್ತಾಳೆ. ಒಬ್ಬಳನ್ನು ದೂರ ಮಾಡಲು ಹೋಗಿ ಇಡೀ ಮಹಡಿಯನ್ನೇ ಅವಳ ಸುತ್ತ ಕೂರಿಸಿದ್ದ. ಇಬ್ಬರೇ ನಗುತ್ತಿದ್ದದ್ದೇ ವಾಸಿ ಅನ್ನಿಸಿತು.

೭

ಮರುದಿನ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಅವನು ಅವಳ ಫೋನ್ ತೆಗೆದ. ಸ್ಲೈಡರನ್ನು ನಡುವಿಗೆ ತಂದಿಟ್ಟು, ಪಾರ್ಟ್ ಬಂತು, ಹಾಕಿದೆ ಎಂದರಾಯಿತು. ಸೆಟ್ಟಿಂಗ್ಸ್ ತೆರೆದ.

ಸ್ಲೈಡರ್ ಆಗಲೇ ನಡುವಿನಲ್ಲಿತ್ತು.

ಫೋನ್ ಹಿಡಿದು ಹಾಗೇ ನಿಂತಿದ್ದ. ಅವಳು ತಲೆ ಒರೆಸಿಕೊಳ್ಳುತ್ತಾ ಬಂದು ನೋಡಿದಳು.

"ಗೊತ್ತಾಯ್ತಾ?" ಎಂದಳು.

"ಯಾವಾಗ ನೋಡ್ದೆ?"

"ನೀವು ಕೊಟ್ಟ ಮಾರನೇ ದಿನವೇ."

"ಯಾರು ಹೇಳಿಕೊಟ್ರು?"

"ನೀವೇ. ಊಟಕ್ಕೆ ಕೂತಾಗ್ಲೂ ಗಿರಾಕಿಗಳಿಗೆ ಫೋನಲ್ಲಿ ಹೇಳ್ತಿರ್ತೀರಲ್ಲ: ಮೊದಲು ಬೇರೆ ಇಯರ್‌ಫೋನ್ ಹಾಕಿ ನೋಡಿ, ಆಮೇಲೆ ಸೆಟ್ಟಿಂಗ್ಸ್ ನೋಡಿ, ಅಲ್ಲೂ ಇಲ್ಲಾಂದ್ರೆ ತಗೊಂಡು ಬನ್ನಿ ಅಂತ. ಇಷ್ಟು ವರ್ಷ ಅದನ್ನೇ ಕೇಳಿದ್ದೀನಿ. ನನಗೆ ಕಿವಿ ಇಲ್ಲ ಅಂದ್ಕೊಂಡ್ರಾ?"

ಅವನು ಪೆಚ್ಚಾದ. ತನ್ನ ಮಾತನ್ನು ಈ ಮನೆಯಲ್ಲಿ ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಅವನು ಯೋಚಿಸಿಯೇ ಇರಲಿಲ್ಲ.

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವೇ ಹೇಳ್ತೀರೇನೋ ಅಂತ ಕಾದೆ. ಅಷ್ಟರಲ್ಲಿ ಅಲ್ಲಿ ಒಂದು ದಿನ ಕಥೆ ಹೇಳಿಬಿಟ್ಟಿದ್ದೆ. ಎಲ್ರೂ ಕೆಲಸ ಬಿಟ್ಟು ನನ್ನ ಮುಖಾನೇ ನೋಡ್ತಿದ್ರು. ಅದು ಬಿಡೋಕೆ ಮನಸ್ಸಾಗ್ಲಿಲ್ಲ."

"ನನಗೆ ಹೇಳೋಕಾಗಲ್ಲ ಅಂದೆ."

"ನೀವು ಅದೇನು ಅಂತ ಕೇಳಿದ್ರಿ, ಪೊಲೀಸರು ಕೇಳಿದ ಹಾಗೆ. ಅವರು ಆಮೇಲೇನಾಯ್ತು ಅಂತ ಕೇಳಿದ್ರು."

೮

ಈಗ ಕೊನೆ. ನನ್ನ ಹತ್ತಿರ ಮೂರು ಇವೆ.

ಮೊದಲನೆಯದರಲ್ಲಿ ಅವನು ತಪ್ಪಾಯಿತು ಎನ್ನುತ್ತಾನೆ, ಅವಳು ಇಯರ್‌ಫೋನಿನ ಬಲಗಡೆಯದನ್ನು ಅವನ ಕಿವಿಗೆ ಇಡುತ್ತಾಳೆ, ಇಬ್ಬರೂ ಒಟ್ಟಿಗೆ ನಗುತ್ತಾರೆ. ಅವನ ಹೆಂಡತಿಗೇ ಇದನ್ನು ಓದಿ ಹೇಳಿದೆ. "ಇದು ಜಾಹೀರಾತಿನ ಹಾಗಿದೆ," ಎಂದಳು.

ಎರಡನೆಯದರಲ್ಲಿ ಅವಳು ಸಿಟ್ಟಾಗಿ ತವರಿಗೆ ಹೋಗುತ್ತಾಳೆ. "ಇಂಥ ಚಿಕ್ಕದಕ್ಕೆಲ್ಲ ಹೋಗೋದಾದ್ರೆ ನಾನು ಬಸ್ಸಲ್ಲೇ ಮನೆ ಮಾಡ್ಬೇಕು," ಎಂದಳು.

ಮೂರನೆಯದನ್ನು ಓದಲು ಬಿಡಲಿಲ್ಲ. ನನ್ನನ್ನು ಪಕ್ಕಕ್ಕೆ ಸರಿಸಿ, ಗಂಡನ ಕಡೆಗೆ ತಿರುಗಿದಳು.

"ಈಗ ಹೇಳು," ಎಂದ ಅವನು. ದನಿ ಮೆತ್ತಗಿತ್ತು. "ಆ ಅಡುಗೆಯವನಿಗೆ ಆಮೇಲೇನಾಯ್ತು?"

"ಇಲ್ಲಿ ಹೇಳಲ್ಲ. ಮಧ್ಯಾಹ್ನ ಅಲ್ಲಿಗೆ ಬನ್ನಿ. ಕಾಜಕ್ಕನ ಪಕ್ಕ ಒಂದು ಸ್ಟೂಲ್ ಹಾಕಿಸ್ತೀನಿ. ಎಲ್ಲರ ಜೊತೆ ಕೂತು ಕೇಳಿ."

"ನನಗೊಬ್ಬನಿಗೇ ಹೇಳೋಕಾಗಲ್ವಾ?"

"ಒಬ್ಬರಿಗೇ ಅಂತ ಆ ಸ್ಲೈಡರ್ ಎಳೆದ್ರಲ್ಲ, ಸಾಲ್ದಾ?" ಎಂದು ಬುತ್ತಿ ಎತ್ತಿಕೊಂಡು ಹೊರಟಳು.

೯

ಮಧ್ಯಾಹ್ನ ಅವನು ಶಟರನ್ನು ಪೂರ್ತಿ ಎಳೆದು ಬಂದಿದ್ದಾನೆ. ಹೊಲಿಗೆ ಅಂಗಡಿಯ ಮೆಟ್ಟಿಲ ಬುಡದಲ್ಲಿ, ಗೋಡೆಗೆ ಕೈ ಆನಿಸಿ ನಿಂತಿದ್ದಾನೆ. ಮೇಲೆ ಮಿಷನ್‌ಗಳ ಸದ್ದು ಒಂದೊಂದಾಗಿ ನಿಂತಿತು. ಕುರ್ಚಿ ಎಳೆದ ಸದ್ದಾಯಿತು. ಅವಳ ದನಿ ಶುರುವಾಯಿತು. ಮಾತು ಇಲ್ಲಿಯವರೆಗೆ ಬರುತ್ತಿಲ್ಲ, ಏರಿಳಿತ ಮಾತ್ರ ಬರುತ್ತಿದೆ.

ಒಳಗೆ ಹೋಗಿ ಕಾಜಕ್ಕನ ಪಕ್ಕ ಕೂತರೆ ಇಡೀ ಮಹಡಿಗೆ ಅವಳನ್ನು ಬಿಟ್ಟುಕೊಟ್ಟ ಹಾಗೆ. ಹೋಗದಿದ್ದರೆ ಅವಳ ಕಥೆ ತನಗೆ ಎಂದೂ ಇಲ್ಲ. ಅವನ ಒಂದು ಕಾಲು ಮೊದಲ ಮೆಟ್ಟಿಲ ಮೇಲಿದೆ, ಇನ್ನೊಂದು ಇನ್ನೂ ಬೀದಿಯಲ್ಲಿದೆ.

ಹತ್ತಿಸಿಬಿಡಬಹುದಿತ್ತು. ಪೆನ್ನು ನನ್ನ ಕೈಯಲ್ಲೇ ಇದೆ, ಒಂದು ಕ್ರಿಯಾಪದದ ಕೆಲಸ. ಆದರೆ ನನ್ನ ಕೈಯೂ ಬರುತ್ತಿಲ್ಲ. ನಾನು ಬರೆದ ಹೆಂಗಸು ನಾನು ಬರೆಯದ ಕಥೆಯನ್ನು ಮೇಲೆ ಹೇಳುತ್ತಿದ್ದಾಳೆ, ಅದೂ ನನಗಿಂತ ಚೆನ್ನಾಗಿ. ಹೋಗಿ ಕೂತು ಅದನ್ನು ಕೇಳಬೇಕಲ್ಲ!

"ಹತ್ತಯ್ಯ," ಎಂದೆ ಅವನಿಗೆ.

"ನೀವು ಮೊದಲು ಹತ್ತಿ," ಎಂದ.

"ಸ್ಟೂಲ್ ಹಾಕಿಸಿದ್ದು ನಿನಗೆ."

"ಕಥೆ ನಿಮ್ಮದಲ್ವಾ?"

"ಎಲ್ಲಿಂದ ನನ್ನದು!"

ಅಷ್ಟರಲ್ಲಿ ಮೇಲೆ ಎಲ್ಲರೂ ಒಟ್ಟಿಗೆ ನಕ್ಕರು. ಯಾಕೆಂದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ.