ಪರಮೇಶ್ವರಿಯಮ್ಮ ಕುದಿಸಿದ ಸೂಜಿಗಳು

ಬಂದ್ಯೋಡು ಪೇಟೆಯ ಹಿಂದಿನ ಆ ಒಂದೇ ಕೋಣೆಯ ಕೇಂದ್ರದಲ್ಲಿ ನಡೆಯುವ ಕೆಲಸ ಕೇಳಲಿಕ್ಕೆ ಬಹಳ ಸರಳ. ಅಮಲುಮದ್ದು ಚುಚ್ಚಿಕೊಳ್ಳುವವರು ಬಳಸಿದ ಸೂಜಿ ತಂದುಕೊಡಬೇಕು, ಹೊಸದು ಒಯ್ಯಬೇಕು. ಒಬ್ಬನ ಸೂಜಿ ಇನ್ನೊಬ್ಬನ ಮೈಗೆ ಹೋಗದಿದ್ದರೆ ಎಚ್‌ಐವಿಯೂ ಆ ದಾರಿಯಲ್ಲಿ ಹೋಗುವುದಿಲ್ಲ. ಇಷ್ಟನ್ನು ಜನರ ತಲೆಗೆ ತುಂಬಿಸಲಿಕ್ಕೆ ಜಲಜಾಕ್ಷಿ ಏಳು ವರ್ಷದಿಂದ ಗಂಟಲು ಹರಿದುಕೊಳ್ಳುತ್ತಿದ್ದಾಳೆ. ಚಟದವರನ್ನು ಸಾಕುವವಳು ಎಂದು ಊರವರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಅವರ ಬಾಯಿಗೆ ಬೇರೆ ಕೆಲಸ ಬೇಡವೇ?

ಈ ಸಲ ಅನುದಾನದ ಫೈಲು ಮೇಲಿನ ಯಾವುದೋ ಮೇಜಿನ ಮೇಲೆ ಸುಖವಾಗಿ ನಿದ್ದೆ ಹೋಯಿತು. ಎರಡು ತಿಂಗಳು ಹೊಸ ಸೂಜಿಯ ಪೆಟ್ಟಿಗೆ ಬರಲಿಲ್ಲ. ಸಂಬಳವೂ ಬರಲಿಲ್ಲ, ಅದು ಹಾಳಾಗಲಿ. ಬಂದವರನ್ನು ಬರಿಗೈಯಲ್ಲಿ ಕಳಿಸುವಾಗ ಮಾತ್ರ ಜಲಜಾಕ್ಷಿಯ ಹೊಟ್ಟೆ ಉರಿಯುತ್ತಿತ್ತು. ಕೊನೆಗೂ ಪೆಟ್ಟಿಗೆ ಬಂತು. ಹಳಬರೆಲ್ಲ ಒಬ್ಬೊಬ್ಬರಾಗಿ ಬಂದರು. ಗೂಡ್ಸ್ ಆಟೋ ಓಡಿಸುವ ಯತಿನ್ ಬರಲಿಲ್ಲ.

ಇಪ್ಪತ್ತಾರರ ಹುಡುಗ. ಬಂದರೆ ಜಲಜಕ್ಕಾ ಎಂದು ಕರೆದು, ಅವಳ ಚಹಾದಲ್ಲಿ ಅರ್ಧ ಕುಡಿದು ಹೋಗುವ ಜಾತಿ. ಈ ಎರಡು ತಿಂಗಳು ಅವನು ಯಾರ ಸೂಜಿ ಚುಚ್ಚಿಕೊಂಡಿರಬಹುದು ಎಂಬ ಹೆದರಿಕೆ ಅವಳನ್ನು ಬಿಡಲಿಲ್ಲ. ಒಂದು ಬೆಳಿಗ್ಗೆ ಅವನ ಊರು ಮೀಂಜದ ಬಸ್ಸು ಹತ್ತಿದಳು.

ಮನೆಯವರಿಗೆ ವಿಷಯ ತಿಳಿಸಬಾರದು ಎಂಬುದು ಕೇಂದ್ರದ ನಿಯಮ. ಹಾಗಾಗಿ ಬಾಗಿಲಲ್ಲಿ ನಿಂತ ಯತಿನ್‌ನ ಅಮ್ಮ ಪರಮೇಶ್ವರಿಯ ಹತ್ತಿರ, "ಡೆಂಗಿ ಸರ್ವೆಗೆ ಬಂದದ್ದು" ಎಂದಳು.

"ನಿಮ್ಮನ್ನು ಬಂದ್ಯೋಡಿನಲ್ಲಿ ನೋಡಿದ್ದೇನೆ. ಸೂಜಿ ಕೊಡುವವರಲ್ವಾ? ಒಳಗೆ ಬನ್ನಿ" ಎಂದರು ಪರಮೇಶ್ವರಿ.

ಅಡುಗೆಮನೆಯ ಒಲೆಯ ಮೇಲೆ ಸಣ್ಣ ಪಾತ್ರೆ ಕುದಿಯುತ್ತಿತ್ತು. ಒಳಗೆ ಮೂರು ಪ್ಲಾಸ್ಟಿಕ್ ಸಿರಿಂಜು, ಮೂರು ಸೂಜಿ.

"ನಾನು ಮೂವತ್ತು ವರ್ಷ ಡಾಕ್ಟ್ರ ಶಾಪಿನಲ್ಲಿ ಕೆಲಸ ಮಾಡಿದವಳು. ಗಾಜಿನ ಸಿರಿಂಜು ದಿನಾ ಹೀಗೇ ಕುದಿಸ್ತಿದ್ದೆ" ಎಂದು ಅವರು ಮೆಲ್ಲಗೆ ಹೇಳಿದರು. "ನಿಮ್ಮಲ್ಲಿ ಸೂಜಿ ಮುಗಿದಿದೆ ಅಂತ ಅವ ಫೋನಿನಲ್ಲಿ ಹೇಳುವುದು ಕೇಳಿತು. ಚಟ ಬಿಡಿಸ್ಲಿಕ್ಕೆ ನನ್ನಿಂದ ಆಗ್ಲಿಲ್ಲ. ಕುದಿಸ್ಲಿಕ್ಕಾದ್ರೂ ಗೊತ್ತುಂಟಲ್ಲ. ಅವನ ಹಳೆ ಸೂಜಿ ಹೆಕ್ಕಿ, ಕುದಿಸಿ, ಒರೆಸಿ, ಅಂಗಿ ಕಿಸೆಯಲ್ಲಿ ಇಡ್ತೇನೆ. ಅವ ಎಂತದ್ದೂ ಕೇಳುವುದಿಲ್ಲ, ನಾನು ಹೇಳುವುದೂ ಇಲ್ಲ."

ಜಲಜಾಕ್ಷಿಗೆ ಆ ಮುದುಕಿಯನ್ನು ತಬ್ಬಿಕೊಳ್ಳಬೇಕೆನಿಸಿತು, ಅದೇ ಹೊತ್ತಿಗೆ ಪಾತ್ರೆಯನ್ನು ಅಂಗಳಕ್ಕೆ ಎಸೆಯಬೇಕೆಂದೂ ಅನಿಸಿತು. ಹೇಳದೆ ಗತಿಯಿರಲಿಲ್ಲ.

"ಅಮ್ಮ, ಇದು ಗಾಜಿನ ಹಾಗಲ್ಲ. ಒಂದು ಸಲಕ್ಕೆ ಮಾತ್ರ ಮಾಡಿದ್ದು. ಕುದಿಸಿದ್ರೂ ನಂಬ್ಲಿಕ್ಕಾಗುವುದಿಲ್ಲ."

ಪರಮೇಶ್ವರಿ ಒಲೆ ಆರಿಸಿದರು. "ಹಾಗಾದ್ರೆ ನಾನೇ ಅವನಿಗೆ..."

"ನಾನು ಅದನ್ನು ಮುಟ್ಟಲೇ ಇಲ್ಲಮ್ಮ."

ಯತಿನ್ ಬಾಗಿಲಲ್ಲಿ ನಿಂತಿದ್ದ. ಯಾವಾಗ ಎದ್ದು ಬಂದನೋ, ಇಬ್ಬರಿಗೂ ಗೊತ್ತಾಗಿರಲಿಲ್ಲ.

"ನೀನು ಕುದಿಸಿಟ್ಟದ್ದನ್ನು ಚುಚ್ಚಿಕೊಳ್ಳಲಿಕ್ಕೆ ಮನಸ್ಸು ಬರ್ಲಿಲ್ಲ. ನಾಚಿಕೆಯಾಯ್ತು. ಎಲ್ಲ ಆಟೋದ ಸೀಟಿನಡಿಯಲ್ಲಿ ಉಂಟು." ಅವನು ಜಲಜಾಕ್ಷಿಯ ಕಡೆ ತಿರುಗಿದ. "ನನ್ನೊಟ್ಟಿಗೆ ಚುಚ್ಚಿಕೊಳ್ಳುವ ಸುಜನ್‌ನ ಸೂಜಿ ತಗೊಂಡೆ, ಜಲಜಕ್ಕ. ನಾಲ್ಕೈದು ಸಲ. ಅದಕ್ಕೇ ನಿಮ್ಮ ಮುಖ ನೋಡ್ಲಿಕ್ಕೆ ಬರ್ಲಿಲ್ಲ."

ಯಾವ ಮಾತು ಕೇಳಬಾರದು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೇಡಿಕೊಂಡಿದ್ದಳೋ ಅದೇ ಮಾತು. ಬೈಯಬೇಕೆಂದರೆ ಬೈಗುಳ ಸಲ್ಲಬೇಕಾದ, ಫೈಲು ನಿದ್ದೆ ಹೋದ ಆ ಮೇಜು ಎಲ್ಲಿಯೋ ದೂರದಲ್ಲಿತ್ತು. ಅವಳು ಅವನ ಭುಜ ಹಿಡಿದುಕೊಂಡಳು.

"ಈಗಲೇ ಹೊರಡು, ಮಾರಾಯ. ಟೆಸ್ಟ್ ಮಾಡಿಸುವ."

"ಉಂಟು ಅಂತ ಬಂದ್ರೆ?"

"ಬಂದ್ರೆ ಅದಕ್ಕೆ ಮದ್ದುಂಟು. ದಿನಾ ನುಂಗಿಸ್ಲಿಕ್ಕೆ ನಾನಿದ್ದೇನೆ."

ಪರಮೇಶ್ವರಿ ಸೆರಗಿನಲ್ಲಿ ಕೈ ಒರೆಸಿಕೊಂಡು ಜಲಜಾಕ್ಷಿಯ ಮುಂದೆ ಕೈ ಚಾಚಿದರು. ಸೂಜಿಯನ್ನು ಮನೆಯವರ ಕೈಗೆ ಕೊಡಬಾರದು ಎಂಬ ನಿಯಮವೂ ಇತ್ತು. ಜಲಜಾಕ್ಷಿ ಚೀಲದಿಂದ ಹೊಸ ಪೊಟ್ಟಣ ತೆಗೆದು ಆ ಕೈಗೇ ಇಟ್ಟಳು.

ಅಮ್ಮ ಅದನ್ನು ಮಗನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ಒಂದೊಂದಾಗಿ ಮಡಚಿದರು. ಎರಡು ತಿಂಗಳಲ್ಲಿ ಮೊದಲ ಸಲ ಅವನ ಮುಖವನ್ನು ನೇರ ನೋಡಿದರು.

"ಇನ್ನು ಬೇಕಾದ್ರೆ ನನ್ನ ಹತ್ತಿರ ಬಾಯಿಬಿಟ್ಟು ಕೇಳು, ಮಗಾ. ನಾನೇ ಹೋಗಿ ತರ್ತೇನೆ."

ಯತಿನ್ ಅಲ್ಲಿಯೇ ಕುಸಿದು ಕೂತು ಅತ್ತ. ಪರಮೇಶ್ವರಿ ಒಳಗೆ ಹೋಗಿ ಸೀರೆ ಬದಲಿಸಿ ಬಂದರು. ಟೆಸ್ಟಿಗೆ ಅವರೂ ಹೊರಟಿದ್ದರು.